ಮೂರಡಿ

ಪುತ್ತೂರು ಕೋರ್ಟಿನಲ್ಲಿ ಒಂಬತ್ತು ವರ್ಷ
ನಾನು ವಾದಿ, ಹುಸೇನಬ್ಬ ಪ್ರತಿವಾದಿ.
ಸೊಹಾರಿನ ಕ್ಯಾಂಪು, ಹದಿನಾಲ್ಕನೇ ರೂಮು:
ಅವನಿಗೆ ಕೆಳಗಿನ ಮಂಚ, ನನಗೆ ಮೇಲಿನದು.
ನಮ್ಮೂರಿನ ಅಗಳಿನ ವಿಷಯ ಫೋರ್‌ಮನ್‌ಗೇನು ಗೊತ್ತು?

ನಾಲ್ಕು ತಿಂಗಳು ಮಾತಿಲ್ಲ.
ಅವನು ಮಗ್ಗುಲಾದರೆ ನನ್ನ ಹಲಗೆ ಕಿರುಗುಟ್ಟುತ್ತದೆ,
ನನ್ನ ಲುಂಗಿ ಇಳಿಬಿದ್ದರೆ
ಅವನ ಗಡಿಯೊಳಗೆ.

ನಿನ್ನೆ ಸೈಟಿನ ಟೇಪು ಜೇಬಿನಲ್ಲೇ ಉಳಿದಿತ್ತು.
ಸುಮ್ಮನೆ ಮಂಚ ಅಳೆದೆ.
ಮೂರಡಿ. ಆ ಅಗಳಿನಷ್ಟೇ,
ಒಂದು ನೂಲು ಹೆಚ್ಚಿಲ್ಲ.

"ಎಷ್ಟು ಬಂತು?"
ಕೆಳಗಿನಿಂದ ಮೊದಲ ಮಾತು.
ಹೇಳಿದೆ.
ತುಂಬ ಹೊತ್ತು ಎಸಿಯ ಸದ್ದು.
"ಅಷ್ಟರಲ್ಲಿ ಇಬ್ಬರೂ ಮಲಗುತ್ತೇವಲ್ಲ ಮಾರಾಯ."

ಇಬ್ಬರ ವಕೀಲರಿಗೂ ಒಂದೇ ಫೋನಿನಿಂದ
ಹೇಳಿದ್ದಾಯಿತು ಇವತ್ತು.
ಅಂಚಿನ ಹಲಸಿನ ಮರದ್ದು ಮಾತ್ರ
ಇನ್ನೂ ತೀರ್ಮಾನವಾಗಿಲ್ಲ.