ಕಿವಿಗಿಟ್ಟ ಗ್ಲಾಸು

ಎರಡು ತಿಂಗಳಿಗೊಂದು ಶನಿವಾರ, ಚಿಕ್ಕಬಳ್ಳಾಪುರದಲ್ಲಿ,
ಪ್ರಮೀಳಾ ಅವರ ಹಲ್ಲಿನ ಆಸ್ಪತ್ರೆಯ ತಾರಸಿ ಮೇಲೆ
ನಾವು ಐದು ಜನ, ಮೂರು ಬಾಟಲಿ,
ತಗಡಿನ ಬಕೆಟ್ಟಿನಲ್ಲಿ ಮೀನಿನಂಗಡಿಯ ಐಸು.
ತೊಳೆದೇ ಹಾಕಿದ್ದೆವು. ಆದರೂ ಒಮ್ಮೆ
ಕದಿರಪ್ಪ ಮೇಷ್ಟ್ರು ಕಣ್ಣು ಮುಚ್ಚಿ ಮೂಸಿ
"ಸಮುದ್ರತೀರದ ದ್ರಾಕ್ಷಿ" ಅಂದುಬಿಟ್ಟರು.

ಬಾಟಲಿಗೆಲ್ಲ ಹಳೆಯ ಪೇಪರಿನ ಅಂಗಿ.
ಒಂದು ನಮ್ಮ ನಂದಿಬೆಟ್ಟದ ತಪ್ಪಲಿನದು,
ಒಂದು ಇಟಲಿಯದು, ಒಂದು ಶಾಂಪೇನ್ ಸೀಮೆಯದೇ.
ಯಾವ ಅಂಗಿಯೊಳಗೆ ಯಾರೆಂದು ಬಲ್ಲವನು
ವಿಮಾನ ನಿಲ್ದಾಣದ ಸರಕು ಶೆಡ್ಡಿನ ಸೆಲ್ವಿನ್ ಒಬ್ಬನೇ.

ಬಿಚ್ಚುವ ಹಕ್ಕು ವೆಂಕಟರೋಣಪ್ಪನವರದು.
ಮೂವತ್ತೆಂಟು ವರ್ಷ ಗೋಲಿಸೋಡಾ ತುಂಬಿದ ಕೈ.
ಎಡಹುಬ್ಬಿನ ಮೇಲೊಂದು ಬಿಳಿ ಗೀರು,
ಎಂಬತ್ತೊಂದರ ಬೇಸಿಗೆಯಲ್ಲಿ ಸಿಡಿದ ಬಾಟಲಿಯ ರುಜು.
"ಬಿರಡೆ ತಿರುಗಿಸಬಾರದಮ್ಮ, ಬಾಟಲಿ ತಿರುಗಿಸಬೇಕು.
ಕೂಗಿಸಬಾರದು. ನಿಟ್ಟುಸಿರು ಬಿಡಿಸಬೇಕು."
ಟವಲಿನೊಳಗೆ ಉಸ್ಸ್ ಅಂತಷ್ಟೇ.
ಪಕ್ಕದ ಮನೆ ನಾಯಿ ಕೂಡ ತಲೆ ಎತ್ತುವುದಿಲ್ಲ.

ಸೋಡಾ ಮಾರಿದವರಿಗೆ ಇದರ ಹುಚ್ಚು ಹೇಗೆ?
"ಜೀವಮಾನವೆಲ್ಲ ನೀರಿಗೆ ಗ್ಯಾಸು ತುರುಕಿದೆ, ಕತ್ತು ಹಿಸುಕಿ.
ಗೋಲಿ ಒತ್ತಿದ್ದೇ ತಡ, ಓಡಿಹೋಗೋದು,
ಕೂಲಿ ಸಿಕ್ಕ ಆಳಿನ ಹಾಗೆ.
ಇದು ಕತ್ತಲಲ್ಲಿ ವರ್ಷಗಟ್ಟಲೆ ಮಲಗಿ
ತನ್ನೊಳಗೇ ಹುಟ್ಟಿಸಿಕೊಂಡ ಉಸಿರು.
ನೋಡಿ, ಹೋಗುವಾಗಲೂ ಸಾಲಾಗಿ ಹೋಗುತ್ತೆ."

ಆಮೇಲೆ ಮಾತು ಹುಡುಕುವ ಆಟ.
ಪುಸ್ತಕದಲ್ಲಿ ಬ್ರಿಯೋಷ್ ಎಂದಿದೆ; ನಮ್ಮಲ್ಲಿ ಯಾರೂ ತಿಂದಿಲ್ಲ.
"ಬೆಳಗಿನ ಜಾವದ ಬೇಕರಿ, ಹಿಂಬಾಗಿಲು," ಪ್ರಮೀಳಾ.
"ಉಕ್ಕಿ ಮುಚ್ಚಳ ತಳ್ಳಿದ ದೋಸೆಹಿಟ್ಟು," ನಾನು.
ದ್ರಾಕ್ಷಿ ಮಂಡಿಯ ಲೆಕ್ಕದವಳು ನಾನು,
ಕ್ರೇಟಿನ ತಳದಲ್ಲಿ ಒಡೆದು ಹುಳಿತ ಬೆಂಗಳೂರು ಬ್ಲೂವನ್ನು
ತಕ್ಕಡಿಗಿಂತ ಮೊದಲು ನನ್ನ ಮೂಗು ತೂಗುತ್ತದೆ.
ಮೇಷ್ಟ್ರು ಹುರಿದ ಅವರೆಬೇಳೆ ಮುಕ್ಕುತ್ತ,
"ಯೀಸ್ಟು ಸತ್ತ ಮೇಲೆ ಬಿಟ್ಟುಹೋದ ಒಳ್ಳೆಯ ಹೆಸರು!"

ಕೊನೆಗೆ ವೆಂಕಟರೋಣಪ್ಪ ಗ್ಲಾಸನ್ನು ಕಿವಿಗಿಡುತ್ತಾರೆ.
ಮೂರನೇ ಮನೆಯಲ್ಲಿ ಸಾಸಿವೆ ಸಿಡಿದಷ್ಟು ಸದ್ದು.
ಅದರಲ್ಲೇ ಒತ್ತಡ, ವಯಸ್ಸು, ಊರು ಹೇಳುತ್ತಾರೆ.
ನಾಲ್ಕು ವರ್ಷದಲ್ಲಿ ತಪ್ಪಿದ್ದಿಲ್ಲ.

ಈ ಶನಿವಾರ ಮೂರನೆಯದನ್ನು ಬಲಗಿವಿಗಿಟ್ಟರು.
ಎಡಗಿವಿಗಿಟ್ಟರು.
"ಇದು ಸತ್ತಿದೆ."

ನಾವು ನೋಡುತ್ತಿದ್ದೆವು:
ಗ್ಲಾಸಿನ ತಳದಿಂದ ಒಂದೇ ಎಳೆಯಲ್ಲಿ
ಮಣಿ, ಮಣಿಯ ಹಿಂದೆ ಮಣಿ, ನಿಲ್ಲದೆ.
ಸೆಲ್ವಿನ್ ಬಾಯಿ ತೆರೆದ;
ಮೇಜಿನಡಿ ಪ್ರಮೀಳಾ ಅವನ ಕಾಲು ತುಳಿದರು.
"ಇದೂ," ಎಂದರು ಎರಡನೆಯದಕ್ಕೆ.
ಮೊದಲನೆಯದನ್ನು ಕಿವಿಯಿಂದಿಳಿಸಿ
ಏನೂ ಹೇಳದೆ ಕೆಳಗಿಟ್ಟರು.

ಬೆಟ್ಟದ ತಿರುವುಗಳಲ್ಲಿ ಇಳಿದು ಬರುವ ದೀಪ.
ಬಕೆಟ್ಟಿನಲ್ಲಿ ಐಸು ಜರುಗಿತು. ಅದನ್ನು ನಾಲ್ವರೇ ಕೇಳಿದೆವು.

ಎಷ್ಟೋ ಹೊತ್ತಿನ ಮೇಲೆ ಮೂರನೆಯದನ್ನೇ ಮತ್ತೆ ಎತ್ತಿ,
ನೆಗಡಿಯವರು ಹಬೆಗೆ ಮುಖ ಒಡ್ಡುವ ಹಾಗೆ
ಗ್ಲಾಸಿನ ಮೇಲೆ ಬಗ್ಗಿದರು, ಗೀರಿರುವ ಹುಬ್ಬು ಮುಂದೆ ಮಾಡಿ.
ಒಡೆದ ಗುಳ್ಳೆಗಳ ಹನಿ
ಹಳೆಯ ಗಾಯಕ್ಕೆ ಒಂದೊಂದಾಗಿ ಹಾರಿ ತಾಗಿರಬೇಕು.
"ಓಹೋ! ಹೊಡೀತಿದೆ, ಹೊಡೀತಿದೆ! ಎಷ್ಟು ಸಣ್ಣ ಕೈ ಇದರದು!
ಇದೇ ಶಾಂಪೇನು, ಬರೆದುಕೊಳ್ಳಿ."

ಸೆಲ್ವಿನ್ ಪೇಪರು ಬಿಚ್ಚಿದ. ನಂದಿಬೆಟ್ಟದ್ದು.
ನಾವು ನಕ್ಕೆವು. ಅವರೂ ನಕ್ಕರು,
ನಮ್ಮ ಮುಖ ನೋಡಿಕೊಂಡು, ಒಂದು ಕ್ಷಣ ತಡವಾಗಿ.

ನಮ್ಮ ಲೆಕ್ಕದ ಪುಸ್ತಕದಲ್ಲಿ ನಾಲ್ಕು ಕಾಲಮ್ಮು:
ಬಣ್ಣ, ವಾಸನೆ, ರುಚಿ, ಸದ್ದು.
ಕೊನೆಯದು ಅವರೇ ಹಠ ಹಿಡಿದು ಹಾಕಿಸಿದ್ದು.
ರಾತ್ರಿ ಮನೆಗೆ ಬಂದು ಅದರ ತಲೆಬರಹ ಹೊಡೆದುಹಾಕಿ
ಮೇಲೆ ಬರೆದೆ: ಹುಬ್ಬು.