ತಿದ್ದುಪಡಿ

ಬೆಳಗಿನ ಆರಕ್ಕೆ ಗುಮ್ಮಟ ಬಾಯಿ ಮುಚ್ಚಿತು.
ಅಟಕಾಮದ ಬೆಟ್ಟವಿಳಿಯುವ ಬಸ್ಸಿನಲ್ಲಿ
ರಾತ್ರಿಪಾಳಿಯ ಎಂಟು ಜನ
ಬಾಯಿ ತೆರೆದು ಮಲಗಿದ್ದಾರೆ.
ಎಚ್ಚರವಿರುವುದು ಇಬ್ಬರೇ:
ಚಾಲಕ ಬಾಲ್ದೊಮೇರೊ,
ಮತ್ತೆ ನಾನು, ಯಾಸ್ನಾ,
ದೂರದರ್ಶಕದ ಕನ್ನಡಿ ಒರೆಸುವವಳು.

ರೇಡಿಯೊದಲ್ಲಿ ಯಾವನೋ ಹುಡುಗ ಗೋಳಾಡುತ್ತಿದ್ದ:
ಒಂದು ಜ್ಯೋತಿರ್ವರ್ಷ ಕಾದೆ ನಿನಗೆ, ಕಪ್ಪುಗಣ್ಣಿನವಳೆ.

"ಅದು ಕಾಲವಲ್ಲ, ದೂರ," ಅಂದೆ.
"ಬೆಳಕು ವರ್ಷವಿಡೀ ನಡೆದು ಸವೆಸುವ ದಾರಿ.
ಎರಡು ಕಿಲೋಮೀಟರ್ ಕಾದೆ ಅಂತ
ಯಾರಾದರೂ ಅಳುತ್ತಾರಾ?"
ಅವನು ಗೇರು ಬದಲಿಸಿದ.

ಎರಡನೆಯ ಚರಣದಲ್ಲಿ ಹುಡುಗನ ಪ್ರೀತಿ
ಕ್ವಾಂಟಮ್ ನೆಗೆತ ನೆಗೆದು ಸಾಗರ ದಾಟಿತು.
"ಪರಮಾಣುವಿನೊಳಗಿನ ನೆಗೆತ ಅದು.
ಚಿಗಟ ಕಂಡರೂ ನಕ್ಕೀತು."

ಮೂರನೆಯದರಲ್ಲಿ, ಅವಳಿಲ್ಲದ ಆಕಾಶದಲ್ಲಿ ತೇಲುತ್ತ
ಅವನ ಎದೆಗೆ ದ್ರವ್ಯರಾಶಿಯೇ ಇಲ್ಲವಂತೆ.
"ತೂಕ!" ಎಂದು ಸೀಟಿಗೆ ಗುದ್ದಿದೆ.
"ಕಾಣೆಯಾಗುವುದು ತೂಕ.
ದ್ರವ್ಯರಾಶಿ ಎಲ್ಲಿ ಹೋದರೂ ಬೆನ್ನಿಗಿರುತ್ತದೆ,
ಅಮ್ಮನಿಂದ ಬಂದ ಮೂಗಿನ ಹಾಗೆ."

ಆಗ ಬಾಲ್ದೊಮೇರೊ ರೇಡಿಯೊ ತಗ್ಗಿಸಿದ,
ಆರಿಸಲಿಲ್ಲ.

"ನನ್ನ ಎರ್ಮೆಲಿಂದಾ," ಅಂದ,
"ಯಾವತ್ತೂ ಎಷ್ಟು ಹೊತ್ತಿಗೆ ಬರ್ತೀಯ ಅಂತ ಕೇಳಿದವಳಲ್ಲ.
ಎಲ್ಲಿದ್ದೀಯ, ಅಷ್ಟೆ.
ಉಪ್ಪಿನ ಬಯಲು ಅಂದರೆ ಆಲೂಗಡ್ಡೆ ಹೆಚ್ಚುತ್ತಾಳೆ.
ಮೂರು ಶಿಲುಬೆಯ ತಿರುವು ಅಂದರೆ ಒಲೆ ಹಚ್ಚುತ್ತಾಳೆ.
ಹತ್ತೊಂಬತ್ತು ವರ್ಷದಿಂದ ಅವಳು ಕಾದಿರುವುದು
ಬರೀ ಕಿಲೋಮೀಟರುಗಳನ್ನೇ."

ಅದು ಬೇರೆ, ಅನ್ನಲು ಹೊರಟೆ.
ದಾರಿಯನ್ನು ವೇಗದಿಂದ ಭಾಗಿಸಿದರೆ ಹೊತ್ತು;
ಆಕೆ ಆ ಭಾಗಾಕಾರವನ್ನು
ಚಾಕು ಹಿಡಿದು ಮಾಡುತ್ತಾಳೆ.
ಹುಡುಗನದು ಈಗಲೂ ತಪ್ಪೇ.

ಪಲ್ಲವಿ ಮರಳಿ ಬಂತು.
ನನ್ನ ಮರ್ಯಾದೆಗೆ ಬಾಲ್ದೊಮೇರೊ ತಿದ್ದಿ ಹಾಡಿದ:
ಒಂದು ಜ್ಯೋತಿರ್ವರ್ಷ ದೂರ ಕಾದೆ ನಿನಗೆ.
ಮೂರು ಮಾತ್ರೆ ಹೆಚ್ಚಾಗಿ ತಾಳ ಮುಗ್ಗರಿಸಿತು,
ಹಿಂದಿನ ಸೀಟಿನಲ್ಲಿ ಒಬ್ಬರು ಕೆಮ್ಮಿದರು.

ಊರು ಇನ್ನೂ ಕೂಗಳತೆಗೆ ಬಂದಿರಲಿಲ್ಲ, ಫೋನು ಕೂಗಿತು.
ಇಳಿಜಾರು; ಅವನ ಎರಡೂ ಕೈ ಚಕ್ರದ ಮೇಲೆ.
"ನೀವೇ ಹೇಳಿಬಿಡಿ," ಅಂದ.

"ಇನ್ನು ನಲವತ್ತು ನಿಮಿಷ, ಸೆನ್ಯೋರಾ," ಅಂದೆ,
ಲೆಕ್ಕ ಹಾಕಿಯೇ.

"ನಿಮಿಷ ಕಟ್ಟಿಕೊಂಡು ನಾನೇನು ಮಾಡಲಿ ಮಗಳೆ?
ಜಾಗ ಹೇಳು."

ತೋಳಿನಿಂದ ಕಿಟಕಿಯ ಆವಿ ಒರೆಸಿ
ಹೊರಗೆ ನೋಡಿದೆ.