ಚೀಲದ ತೂಕ ಕಳೆದು

ಹಾಸನದ ಮಾರ್ಕೆಟ್ ಯಾರ್ಡಿನಲ್ಲಿ
ಇಪ್ಪತ್ತೆರಡು ವರ್ಷ ಆಲೂಗಡ್ಡೆ ತೂಗಿದ ಬೆರಳು,
ಸೂಜಿಗೂ ಬಗ್ಗುವುದಿಲ್ಲ.
‘ತುದಿ ಬಿಡಿ, ಪಕ್ಕಕ್ಕೆ ಚುಚ್ಚಿ’ ಎಂದಿದ್ದಳು ನರ್ಸ್ ಫಿಲೋಮಿನಾ.

ಉಣ್ಣುವ ಮೊದಲು ನೂರ ಹದಿನೆಂಟು.
ಆಮೇಲೆ ಒಂದು ಮುದ್ದೆ, ಸೊಪ್ಪಿನ ಸಾರು,
ಅಷ್ಟೇ ಅಂತ ಪುಸ್ತಕದಲ್ಲಿ ಬರೆದೆ.

ಫಯಾಜನ ವಾಚು ನೋಡುತ್ತ ಎರಡು ಗಂಟೆ ಕಾದು
ಮತ್ತೊಂದು ಹನಿ.
ಇನ್ನೂರ ಮೂವತ್ತಾರು.

ರೈತರಿಗೆ ದಿನವೂ ಹೇಳುವ ಮಾತೇ ಬಾಯಿಗೆ ಬಂತು:
ಚೀಲಕ್ಕೆ ಒಂದು ಕಿಲೋ ಕಳಿ,
ಮಣ್ಣಿಗೆ ಅರ್ಧ, ಹಸಿಗೆ ಇನ್ನರ್ಧ…

ಅಂಗೈಯಗಲದ ಮಿಷನ್ನು
ಯಾವ ದಲ್ಲಾಳಿಯ ಮುಖವನ್ನೂ ಕಂಡದ್ದಲ್ಲ.

ಪುಸ್ತಕ ತೆರೆದೆ. ‘ಅಷ್ಟೇ’ ಹೊಡೆದುಹಾಕಿ
ಸಣ್ಣಕ್ಷರದಲ್ಲಿ ಸೇರಿಸಿದೆ:
ಜವರಯ್ಯನ ಮೊಮ್ಮಗಳ ನಾಮಕರಣದ
ಕಜ್ಜಾಯ, ಎರಡು.
ಒಂದು ಮುರಿದದ್ದು.